ಬರೇ ವೀಕ್‌ನೆಸ್ ಅಂದರು

ಮೊದಲು ಸೋತದ್ದು ನನ್ನ ದವಡೆ.

ಚಿತ್ತಾಪುರದ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಊಟಕ್ಕೆ ಕೂತಿದ್ದೆವು. ಗಂಡ ಮಲ್ಲಿಕಾರ್ಜುನ, ಅತ್ತೆ, ಎಂಟನೆಯ ತರಗತಿಯ ಮಗಳು ಭಾಗ್ಯ, ನಾನು. ಜೋಳದ ರೊಟ್ಟಿ, ಪುಂಡಿ ಪಲ್ಯ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ನನ್ನ ಬಾಯಿ ನಿಂತುಹೋಯಿತು. ನೋವಿಲ್ಲ. ಹಲ್ಲಿನ ತೊಂದರೆಯಿಲ್ಲ. ತುತ್ತು ಬಾಯಲ್ಲೇ ಇದೆ, ಅಗಿಯೋಣವೆಂದರೆ ದವಡೆ ಮೇಲೇಳುತ್ತಿಲ್ಲ. ಗದ್ದವನ್ನು ಕೆಳಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದು ಹೇಗೋ ಅಗಿದೆ. ನೀರು ಕುಡಿದೆ. ಅರ್ಧ ನೀರು ಮೂಗಿಗೆ ಬಂತು.

ಅತ್ತೆ ನೋಡಿದರು. “ಯಾಕವ್ವಾ, ರೊಟ್ಟಿ ಬಿರುಸ ಆಗ್ಯಾವೇನು?” ಎಂದರು. ರೊಟ್ಟಿ ಬಡಿದವರು ಅವರೇ.

“ಇಲ್ಲರಿ ಅತ್ತಿ, ಸಾಕಾಯ್ತು,” ಎಂದೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಖಾಸಗಿ ಶಾಲೆ. ದಿನವಿಡೀ ಮಾತೇ ಕೆಲಸ. ದವಡೆಯ ಹಿಂದೆಯೇ ದನಿಯೂ ಹೋಗತೊಡಗಿತು. ಮೊದಲ ಪೀರಿಯಡ್‌ನಲ್ಲಿ ಕೊನೆಯ ಬೆಂಚಿಗೂ ಕೇಳುತ್ತಿದ್ದ ನನ್ನ ದನಿ ಮಧ್ಯಾಹ್ನದ ಹೊತ್ತಿಗೆ ಮೂಗಿನೊಳಗೆ ಇಳಿಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ ಕೆಲಸವೂ ನನ್ನದೇ. ಅದಕ್ಕೆ ನಮ್ಮಲ್ಲಿ ವೀಕ್ ಕ್ಲಾಸ್ ಅನ್ನುತ್ತಿದ್ದರು. ಮಕ್ಕಳೂ ಹಾಗೇ ಹೇಳಿಕೊಳ್ಳುತ್ತಿದ್ದರು, “ನಾ ಇಂಗ್ಲಿಷ್‌ನ್ಯಾಗ ವೀಕ್ ಇದ್ದೀನ್ರಿ ಟೀಚರ್.” ಆ ಕ್ಲಾಸಿನಲ್ಲಿ ನಾನು ಮಾತಾಡುವುದು ಯಾರಿಗೂ ಅರ್ಥವಾಗದಾಯಿತು. ಹಿಂದಿನ ಬೆಂಚಿನವರು ಮೂಗು ಹಿಡಿದುಕೊಂಡು ನನ್ನ ಹಾಗೆ ಓದಿ ನಕ್ಕರು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎರಡು ಸಾಲಿಗೆ ಕೈ ತಾನೇ ಕೆಳಗೆ ಬರುತ್ತಿತ್ತು. ಸೀಮೆಸುಣ್ಣದ ಗೆರೆ ಅಕ್ಷರದಿಂದ ಜಾರಿ ಕೆಳಗಿನ ತನಕ ಎಳೆದುಹೋಗುತ್ತಿತ್ತು.

ನಮ್ಮ ಮನೆಯವರೆಲ್ಲ ತೋರಿಸುತ್ತಿದ್ದ ಡಾಕ್ಟರ ಹತ್ತಿರ ಹೋದೆ. ಶಾಲೆಗೆ ಹೋಗುವ ಮುಂಚೆ, ಮುಂಜಾನೆ. ಅವರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ನಾಲಿಗೆ ನೋಡಿದರು. ಕೈ ಚಾಚಿ, “ಒತ್ತರಿ ಟೀಚರ್,” ಎಂದರು. ಗಟ್ಟಿಯಾಗಿ ಒತ್ತಿದೆ. ಬ್ಲಡ್ ರಿಪೋರ್ಟ್ ನಾರ್ಮಲ್ ಬಂತು.

“ಏನೂ ಇಲ್ಲರಿ. ಬರೇ ವೀಕ್‌ನೆಸ್ ಅದ.”

ಹಳದಿ ಬಣ್ಣದ ಇಂಜೆಕ್ಷನ್ ಬೆರೆಸಿ ಸಲಾಯಿನ್ ಹಚ್ಚಿದರು. ಆಮೇಲೆ ಸಂಜೆಗೆ ಮತ್ತೆ ಹಾಗೇ ಆಯಿತು. ಮತ್ತೆ ಹೋದೆ, ಮತ್ತೆ ಮುಂಜಾನೆಯೇ. ಈಗ ಗೊತ್ತಾಗುತ್ತದೆ, ನನ್ನ ರೋಗಕ್ಕೆ ಮುಂಜಾನೆ ಸಾಕ್ಷಿ ಸಿಗುವುದಿಲ್ಲ. ರಾತ್ರಿ ವಿಶ್ರಾಂತಿ ಸಿಕ್ಕ ಸ್ನಾಯುಗಳು ಬೆಳಗ್ಗೆ ಎಲ್ಲರ ಸ್ನಾಯುಗಳಂತೆಯೇ ಕೆಲಸ ಮಾಡುತ್ತವೆ, ಬಳಸಿದಷ್ಟೂ ಸೋಲುತ್ತವೆ. ಡಾಕ್ಟರ ಎದುರು ನಾನು ಗಟ್ಟಿಮುಟ್ಟಾದ ಹೆಂಗಸು. ಮನೆಯಲ್ಲಿ, ಸಂಜೆಯ ಒಲೆಯ ಮುಂದೆ, ಸೋಂಬೇರಿ.

“ಮಧ್ಯಾಹ್ನದ ತನಕ ಆರಾಮ ಇರ್ತಾಳ,” ಅತ್ತೆ ಸೇಡಮಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು. “ಸಾಲಿಗಿ ಹೋಗ್ಲಿಕ್ಕ ವೀಕ್‌ನೆಸ್ ಇಲ್ಲ. ಸಂಜಿ ಅಡಗಿ ಟೈಮಿಗಿ ಬರೋಬ್ಬರಿ ಬರ್ತದ ನೋಡು ಅಕಿ ವೀಕ್‌ನೆಸ್.”

ಅತ್ತೆ ಕೆಟ್ಟವರಲ್ಲ. ನಾನು ಶಾಲೆಗೆ ಹೋಗುವಾಗ ಇಷ್ಟು ವರ್ಷ ಮನೆ ಹಿಡಿದು ನಡೆಸಿದವರು ಅವರೇ. ಅವರು ಕಂಡದ್ದನ್ನು ಹೇಳಿದರು. ಅವರು ಕಂಡದ್ದು ನಿಜವೂ ಆಗಿತ್ತು. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಆ ಪದ ಮನೆಯಿಂದ ಓಣಿಗೆ ಹೋಯಿತು. ಓಣಿಯಲ್ಲಿ ಅದಕ್ಕೆ ಬೇರೆ ಅರ್ಥವಿತ್ತು. ನೀರು ಹಿಡಿಯಲು ನಿಂತಾಗ ಪಕ್ಕದ ಮನೆಯವರು ಹತ್ತಿರ ಬಂದು, “ಯಾವ ವೀಕ್‌ನೆಸ್ರಿ ಟೀಚರ್? ಬಿಳಿ ಹೋಗ್ಲಿಕತ್ತದೇನು?” ಎಂದು ಕೇಳಿದರು. ಇನ್ನೊಬ್ಬರು ಮುಟ್ಟು ನಿಂತಿದೆಯೇನೋ ಎಂದು ಹೊಟ್ಟೆ ನೋಡಿದರು. ಆ ಪದ ವಾಡಿ ಊರಿಗೆ ಹೋದಾಗ ಅದರ ಅರ್ಥ ಇನ್ನೂ ಕೆಟ್ಟಿತು. ನನ್ನ ಗಂಡ ಅಲ್ಲಿನ ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಆ ದಾರಿಯ ಗೋಡೆಗಳ ಮೇಲೆಲ್ಲ ಗಂಡಸರ ವೀಕ್‌ನೆಸ್‌ಗೆ ಖಾತ್ರಿ ಇಲಾಜು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹೆಂಡತಿಗೆ ಏನಾಗಿದೆ ಎಂದು ಯಾರೋ ಕೇಳಿದ್ದಾರೆ. ಇವರು, ವೀಕ್‌ನೆಸ್ ಅಂದಿದ್ದಾರೆ. “ಯಾರಿಗಪ್ಪಾ ವೀಕ್‌ನೆಸ್? ಅಕಿಗೋ, ನಿನಗೋ?” ಎಂದು ಶಿಫ್ಟಿನವರೆಲ್ಲ ನಕ್ಕಿದ್ದಾರೆ.

ಆ ಸಂಜೆ ಅವರು ಮುಖ ಗಂಟು ಹಾಕಿಕೊಂಡೇ ಊಟಕ್ಕೆ ಕೂತರು. ಬಡಿಸಲು ಬ್ಯಾಳಿಯ ಪಾತ್ರೆ ಎತ್ತಿದೆ. ಕೈ ಜಾರಿತು. ಬಿಸಿ ಬ್ಯಾಳಿ ಅವರ ಕಾಲ ಮೇಲೆ ಬಿತ್ತು.

ತಟ್ಟೆ ಗೋಡೆಗೆ ಹೋಗಿ ಬಡಿಯಿತು.

“ನಾಟಕ ಸಾಕು ಮಾಡು,” ಎಂದರು. “ಊರೆಲ್ಲ ನಗಲಿಕತ್ತದ.” ಎದ್ದು ಹೊರಗೆ ಹೋದರು. ಭಾಗ್ಯ ತನ್ನ ಪುಸ್ತಕ ಎದೆಗೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಅತ್ತೆ ನನ್ನ ಹತ್ತಿರ ಬಂದು, ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು, “ಮನಸಿಗಿ ಹಚ್ಕೋಬ್ಯಾಡ. ಸಿಟ್ಟೊಂದು ಅವನ ವೀಕ್‌ನೆಸ್ ನೋಡವ್ವಾ. ಮೊದಲಿಂದ ಹಂಗೇ.”

ನಾನು ಗೋಡೆ ಒರೆಸಿದೆ. ಕಲೆ ನನ್ನ ತಲೆಗಿಂತ ಮೇಲಿತ್ತು. ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಒರೆಸಿದೆ. ಒರೆಸುತ್ತ ಅನ್ನಿಸಿತು: ಒಂದೇ ಪದ. ಅವರಿಗೆ ಅದು ಮಾಫಿ, ನನಗೆ ಆರೋಪ. ಅವರಲ್ಲಿದ್ದರೆ ಸ್ವಭಾವ, ಎಲ್ಲರೂ ಸಹಿಸಿಕೊಳ್ಳಬೇಕು. ನನ್ನಲ್ಲಿದ್ದರೆ ನಾನೇ ಬಿಡಬೇಕಾದ ಚಟ.

ಶಾಲೆಯಲ್ಲೂ ಕರೆ ಬಂತು. ಹೆಡ್‌ಮಾಸ್ಟರ್ ಕುರ್ಚಿ ತೋರಿಸಿ, “ಕುಂದ್ರಿ ಟೀಚರ್,” ಎಂದರು. ಒಳ್ಳೆಯ ಮಾತಿನಿಂದಲೇ ಶುರು ಮಾಡಿದರು. ಪಾಲಕರು ಬಂದು ಹೋಗುತ್ತಿದ್ದಾರೆ, ಹತ್ತನೆಯ ತರಗತಿ, ರಿಸಲ್ಟಿನ ಪ್ರಶ್ನೆ ಎಂದರು. “ನಿಮ್ಮ ತಬ್ಬೇತ ನೋಡ್ಕೋರಿ. ಆದ್ರ ಹುಡುಗ್ರು ವೀಕ್ ಇದ್ದಾರಂತ ಟೀಚರ್‌ಗಿ ಕೊಡ್ತೀವಿ. ಟೀಚರೇ ವೀಕ್ ಆದ್ರ ಯಾರಿಗಿ ಕೊಡಬೇಕು ಹೇಳ್ರಿ?” ಎಂದರು. ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. ಹತ್ತನೆಯ ತರಗತಿಯನ್ನು ನನ್ನಿಂದ ತೆಗೆದರು.

ತೆಂಗಳಿಯಿಂದ ನನ್ನ ಅವ್ವ ಬಂದಳು. ಹೊಲದ ಕೆಲಸ ಬಿಟ್ಟು ಬಂದಿದ್ದಳು. ಸಂಜೆ ನನ್ನ ಎದುರು ಕೂತು ಬಹಳ ಹೊತ್ತು ಮುಖ ನೋಡಿದಳು. “ಮುಂಜಾನಿ ನನ್ನ ಮಗಳು ಇದ್ದಳು. ಈಗ ಬ್ಯಾರೆ ಯಾರೋ ಕುಂತಾರ,” ಎಂದಳು. “ಒಂದು ಕಣ್ಣು ಮುಚ್ಚಲಿಕತ್ತದ. ಕನ್ನಡಿ ನೋಡಿಯೇನು?”

ನೋಡಿರಲಿಲ್ಲ. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು.

ಅವ್ವ ನನ್ನ ತೋಳಿಗೆ ಒಂದು ದಾರ ಕಟ್ಟಿದಳು. ಕಟ್ಟಿದ ಮೇಲೆ ಅಳಿಯನಿಗೆ, “ದಾರ ನನ್ನ ಸಮಾಧಾನಕ್ಕ. ನೀವು ದೊಡ್ಡ ದವಾಖಾನಿಗಿ ಒಯ್ಯರಿ,” ಎಂದಳು. ಅವರಿಗೆ ಅದು ಹಿಡಿಸಲಿಲ್ಲ. ಆದರೆ ಅದೇ ಹೊತ್ತಿಗೆ ಸರಿಯಾಗಿ ನನಗೆ ಎಲ್ಲವೂ ಎರಡೆರಡು ಕಾಣತೊಡಗಿತು. ಮನೆ ಬಾಗಿಲಲ್ಲಿ ಎರಡು ಬೈಕು. ಬೋರ್ಡಿನ ಮೇಲೆ ಎರಡು ಸಾಲು, ಒಂದರ ಮೇಲೊಂದು. ಇದು ಕನ್ನಡಕದ ಸಮಸ್ಯೆ ಎಂದು ಎಲ್ಲರಿಗೂ ಸಮಾಧಾನವಾಯಿತು. ಶಹಾಬಾದಿನ ಒಂದು ಚಷ್ಮಾ ಅಂಗಡಿಯಲ್ಲಿ ವಾರಕ್ಕೊಮ್ಮೆ ಕಲಬುರಗಿಯಿಂದ ಕಣ್ಣಿನ ಡಾಕ್ಟರ್ ಬಂದು ಕೂಡುತ್ತಾರೆ ಎಂದು ಗೊತ್ತಾಗಿ, ಗಂಡನ ಡ್ಯೂಟಿ ಮುಗಿದ ಮೇಲೆ ಅಲ್ಲಿಗೆ ಹೋದೆವು.

ಡ್ಯೂಟಿ ಮುಗಿದ ಮೇಲೆ ಹೋದದ್ದರಿಂದಲೇ ನಾನು ಇವತ್ತು ಬರೆಯುತ್ತಿದ್ದೇನೆ. ಮೊದಲ ಸಲ ಒಬ್ಬ ಡಾಕ್ಟರು ನನ್ನನ್ನು ಸಂಜೆ ನೋಡಿದರು.

ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಂತ್ರದಲ್ಲಿ ಕಣ್ಣು ನೋಡಿದ ಮೇಲೆ ಯಂತ್ರ ಬಿಟ್ಟು ಎದುರು ಬಂದು ಕೂತರು. ಕಣ್ಣು ಮೇಲೆತ್ತಿ ಸೂರು ನೋಡುತ್ತಲೇ ಇರಿ ಎಂದರು. ನೋಡುತ್ತಿದ್ದಂತೆ ಎರಡೂ ರೆಪ್ಪೆ ಮೆಲ್ಲಗೆ ಇಳಿದವು. ಊಟ ಹೇಗೆ, ದನಿ ಯಾವಾಗಿನಿಂದ, ತಲೆ ಬಾಚಿಕೊಳ್ಳಲು ಆಗುತ್ತದೆಯೇ ಎಂದೆಲ್ಲ ಕೇಳಿದರು. ತಲೆ ಬಾಚಿಕೊಳ್ಳುವುದರ ಬಗ್ಗೆ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಭಾಗ್ಯಳೇ ಜಡೆ ಹಾಕುತ್ತಿದ್ದಳು. ಆಮೇಲೆ ಪಕ್ಕದ ಜ್ಯೂಸ್ ಅಂಗಡಿಯಿಂದ ಬರಫ್ ತರಿಸಿ, ಒಂದು ಗ್ಲೌಸಿನಲ್ಲಿ ತುಂಬಿ, ನನ್ನ ಎಡಗಣ್ಣಿನ ಮೇಲೆ ಸ್ವಲ್ಪ ಹೊತ್ತು ಹಿಡಿದರು.

ತೆಗೆದಾಗ ರೆಪ್ಪೆ ಮೇಲೆ ನಿಂತಿತ್ತು.

ನನ್ನ ಗಂಡ ಅದನ್ನು ಕಣ್ಣಾರೆ ನೋಡಿದರು. “ಬರಫ್ ಇಟ್ರ ಆರಾಮ ಆಗೋದಾದ್ರ ಮನ್ಯಾಗೇ ಫ್ರಿಜ್ ಅದಲ್ಲ ಮೇಡಂ,” ಎಂದು ನಗಲು ನೋಡಿದರು.

ಡಾಕ್ಟರು ನಗಲಿಲ್ಲ. “ಇದು ಇಲಾಜು ಅಲ್ಲರಿ, ಪರೀಕ್ಷಾ. ಇವರ ಕಣ್ಣು ಚಲೋ ಅವ. ನರದಿಂದ ಸ್ನಾಯುವಿಗಿ ಹೋಗೋ ಸುದ್ದಿ ಮುಟ್ಟಲಿಕತ್ತಿಲ್ಲ. ಕಲಬುರಗಿಗಿ ನ್ಯೂರಾಲಜಿಸ್ಟ್ ಹತ್ರ ಕರಕೊಂಡು ಹೋಗ್ರಿ, ನಾಳೇನೇ. ನುಂಗಲಿಕ್ಕ ತ್ರಾಸ ಅದ ಅಂತಾರ. ನಾಳೆ ಉಸಿರಿಗಿ ಬಂತಂದ್ರ ಭಾಳ ಕಷ್ಟ ಆಗ್ತದ.” ಚೀಟಿಯಲ್ಲಿ ರೋಗದ ಹೆಸರು ಬರೆದುಕೊಟ್ಟರು. ಮಯಸ್ತೇನಿಯಾ ಗ್ರೇವಿಸ್.

ನಾನು ಇಂಗ್ಲಿಷ್ ಟೀಚರ್. ಮನೆಗೆ ಬಂದ ಕೂಡಲೇ ಫೋನಿನಲ್ಲಿ ಆ ಹೆಸರಿನ ಅರ್ಥ ಹುಡುಕಿದೆ. ಮೊದಲ ಪದಕ್ಕೆ ಸ್ನಾಯುಗಳ ವೀಕ್‌ನೆಸ್. ಎರಡನೆಯದಕ್ಕೆ ಗಂಭೀರ. ಗಂಡನಿಗೆ ಓದಿ ಹೇಳಿದೆ.

“ಹಂಗಾರ ಅದೇ ಆಯ್ತಲ್ಲ,” ಎಂದರು ಅವರು. “ನಮ್ಮ ಡಾಕ್ಟರ್ ಮೊದಲೇ ಹೇಳಿದ್ರಲ್ಲ.”

ಮರುದಿನ ಹೋಗಲಿಲ್ಲ. ಆ ವಾರ ಸೇಡಮಿನಲ್ಲಿ ನನ್ನ ಗಂಡನ ಅಕ್ಕ ಸುವರ್ಣಕ್ಕನ ಮಗಳ ನಿಶ್ಚಿತಾರ್ಥವಿತ್ತು. ಸೋದರಮಾವ ಇರದೆ ಹೇಗೆ? ಅತ್ತೆ ಹೇಳಿದರು, “ಇಷ್ಟು ದಿನ ತಡಕೊಂಡೀದಿ. ಇನ್ನೊಂದು ವಾರ ತಡೀಲಿಕ್ಕಾಗಲ್ಲೇನು?” ಕಣ್ಣಿನ ಡಾಕ್ಟರು ಹೇಳಿದ ಮಾತು ನನಗೆ ಪೂರ್ತಿ ನೆನಪಿತ್ತು. ಹೇಳಲು ಹೊರಟೆ. ಸಂಜೆಯಾಗಿತ್ತು. ದನಿ ಮೂಗಿನಲ್ಲೇ ಉಳಿಯಿತು.

ಸೇಡಮಿಗೆ ಹೋದೆ. ರೇಷ್ಮೆ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ತಲೆ ಅಲ್ಲಾಡಿಸಿದೆ. ಫೋಟೋ ತೆಗೆಯುವಾಗ ನಗಲು ಹೇಳಿದರು. ನಕ್ಕೆ ಎಂದುಕೊಂಡೆ. ಈ ರೋಗದಲ್ಲಿ ತುಟಿಯ ತುದಿಗಳು ಏಳುವುದಿಲ್ಲ, ನಡುವಿನ ತುಟಿ ಮಾತ್ರ ಮೇಲೆ ಹೋಗುತ್ತದೆ, ನಕ್ಕರೂ ಸಿಡುಕಿದ ಹಾಗೆ ಕಾಣುತ್ತದೆ. ಸುವರ್ಣಕ್ಕ ಫೋಟೋ ನೋಡಿ ತಮ್ಮನ ಕೈಗೆ ಕೊಟ್ಟರು. “ನೋಡು ಮಲ್ಲು, ನಿನ್ನ ಹೆಂಡತಿ ಮಾರಿ. ನನ್ನ ಮಗಳ ಚಲೋದಾಗೋದು ಅಕಿಗಿ ಹ್ಯಾಂಗ ಕಾಣ್ಸಲಿಕತ್ತದ,” ಎಂದರು. ನಾನು ಪಕ್ಕದಲ್ಲೇ ಇದ್ದೆ.

ಅಲ್ಲಿಂದ ಬರುವಾಗ ಕೆಮ್ಮು ಹತ್ತಿತು. ಮರುದಿನ ಜ್ವರ. ಮತ್ತೆ ಅದೇ ಡಾಕ್ಟರು. ಕಣ್ಣಿನ ಡಾಕ್ಟರ ಚೀಟಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಓದಿ, ಮಡಚಿ ವಾಪಸು ಕೊಟ್ಟರು. “ಇಂಥಾವು ಲಕ್ಷಕ್ಕ ಒಬ್ಬರಿಗಿ ಬರ್ತಾವರಿ. ಗೂಗಲ್ ನೋಡಿ ತಲಿ ಕೆಡಿಸ್ಕೋಬ್ಯಾಡ್ರಿ ಟೀಚರ್. ಕಫ ಆಗ್ಯಾದ. ಪವರ್‌ಫುಲ್ ಆ್ಯಂಟಿಬಯಾಟಿಕ್ ಹಾಕ್ತೀನಿ, ಒಂದು ಸಲಾಯಿನ್ ಹಚ್ತೀನಿ. ವೀಕ್‌ನೆಸ್ ಹೋಗ್ತದ.”

ಹಾಕಿದರು. ಮನೆಗೆ ಬಂದು ಮಲಗಿದೆ.

ಮಧ್ಯಾಹ್ನ ಎಚ್ಚರವಾದಾಗ ಮಲಗಿದಲ್ಲಿ ಉಸಿರು ಸಾಲುತ್ತಿರಲಿಲ್ಲ. ಎದ್ದು ಕೂಡಲು ನೋಡಿದೆ. ಕತ್ತು ತಲೆಯನ್ನು ಹೊರಲಿಲ್ಲ. ತಲೆ ಎದೆಯ ಮೇಲೆ ಬಿತ್ತು. ಜೊಲ್ಲು ನುಂಗಲಾಗದೆ ಸೀರೆಯ ಮೇಲೆ ಹರಿಯಿತು. ಉಸಿರಾಡುವುದು ಕೆಲಸ ಎಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಪ್ರತಿ ಉಸಿರನ್ನೂ ಬಾವಿಯಿಂದ ಸೇದುವಂತೆ ಎಳೆಯಬೇಕಾಗಿತ್ತು, ಎಳೆಯುವ ಶಕ್ತಿ ಪ್ರತಿ ಸಲಕ್ಕೂ ಕಡಿಮೆಯಾಗುತ್ತಿತ್ತು. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಉಸಿರು ಬರುತ್ತಿಲ್ಲ ಎಂದು ಹೇಳಿದೆ. ಬಾಯಿಂದ ಬಂದದ್ದು ಒಂದು ಮೂಗಿನ ಸದ್ದು.

ಅವರು ಸ್ವಲ್ಪ ಹೊತ್ತು ನನ್ನನ್ನು ನೋಡುತ್ತ ನಿಂತರು. ಆ ಸ್ವಲ್ಪ ಹೊತ್ತಿನಲ್ಲಿ ಅವರು ಇದು ನಿಜವೋ ನಾಟಕವೋ ಎಂದು ಲೆಕ್ಕ ಹಾಕಿದರೆಂದು ನನಗೆ ಗೊತ್ತು. ಆಮೇಲೆ ನನ್ನ ಕೈ ಹಿಡಿದರು. ಉಗುರು ನೋಡಿದರು. ನೀಲಿಯಾಗಿದ್ದವು.

ಬರಿಗಾಲಲ್ಲಿ ರಸ್ತೆಗೆ ಓಡಿದರು. ಅವರು ಅಷ್ಟು ಗಟ್ಟಿಯಾಗಿ ಕೂಗುವುದನ್ನು ನಾನು ಎಂದೂ ಕೇಳಿರಲಿಲ್ಲ.

ಓಣಿಯವರು ಆಟೋದಲ್ಲಿ ಎತ್ತಿ ಹಾಕಿ ಸರಕಾರಿ ದವಾಖಾನೆಗೆ ಒಯ್ದರು. ಫೋನು ಹೋಗಿ, ವಾಡಿಯಿಂದ ನನ್ನ ಗಂಡ ಸಿಮೆಂಟ್ ಮೆತ್ತಿದ ಬಟ್ಟೆಯಲ್ಲೇ ಅಲ್ಲಿಗೆ ಬಂದರು. ಅಲ್ಲಿದ್ದ ಡಾಕ್ಟರು ಗಂಟಲಿಗೆ ನಳಿಗೆ ಹಾಕಿ, ಅದಕ್ಕೊಂದು ರಬ್ಬರಿನ ಚೀಲ ಜೋಡಿಸಿದರು. ಅಂಬು ಬ್ಯಾಗ್. ಅದನ್ನು ಕೈಯಿಂದ ಒತ್ತಿದರೆ ನನ್ನೊಳಗೆ ಗಾಳಿ ಹೋಗುತ್ತದೆ. ಆ್ಯಂಬುಲೆನ್ಸಿನಲ್ಲಿ ವೆಂಟಿಲೇಟರ್ ಇರಲಿಲ್ಲ. ಕಲಬುರಗಿಯ ತನಕ ಯಾರಾದರೂ ಒತ್ತುತ್ತಲೇ ಇರಬೇಕು. ಜೊತೆಗೆ ಬಂದ ಸ್ಟಾಫ್ ನರ್ಸ್ ಮೊದಲು ಒತ್ತಿದರು. ದಾರಿಯಲ್ಲಿ ಅವರು ಡ್ರಿಪ್ ನೋಡಬೇಕಾಯಿತು, ಚೀಲವನ್ನು ನನ್ನ ಗಂಡನ ಕೈಗೆ ಕೊಟ್ಟರು.

“ನೀವು ಹಿಡೀರಿ. ಒತ್ತರಿ, ಬಿಡ್ರಿ. ಹಿಂಗೇ. ನಿಂದ್ರಸಬ್ಯಾಡ್ರಿ.”

ನನಗೆ ಎಚ್ಚರವಿತ್ತು. ಕಣ್ಣು ತೆರೆಯಲಾಗುತ್ತಿರಲಿಲ್ಲ, ಬೆರಳು ಅಲ್ಲಾಡುತ್ತಿರಲಿಲ್ಲ, ಆದರೆ ಎಲ್ಲವೂ ಕೇಳುತ್ತಿತ್ತು. ನನ್ನ ಗಂಡ ಒತ್ತಿದರು. ಒತ್ತಿದಾಗ ಗಾಳಿ ಬಂತು. ಬಿಟ್ಟಾಗ ಹೋಯಿತು. ಆಮೇಲೆ ಒತ್ತುವ ತನಕ ನಾನು ಕಾಯಬೇಕು. ರಸ್ತೆಯ ಗುಂಡಿಯಲ್ಲಿ ಗಾಡಿ ಹಾರಿದಾಗ ಒಂದು ಉಸಿರು ತಪ್ಪಿತು. “ಕೈ ಸೋಲಲಿಕತ್ತಾವರಿ,” ಎಂದು ಅವರು ಹೇಳುವುದು ಕೇಳಿಸಿತು. “ಸೋತ್ರೂ ಬಿಡಬ್ಯಾಡ್ರಿ,” ಎಂದರು ಸ್ಟಾಫ್. ನನ್ನ ಗಂಡ ಅಳುತ್ತ ಒತ್ತಿದರು. ಕಣ್ಣೀರು ನನ್ನ ಹಣೆಯ ಮೇಲೆ ಬಿತ್ತು. ಕಲಬುರಗಿ ಮುಟ್ಟುವ ತನಕ ನಾನು ಉಸಿರಾಡಿದ್ದು ಅವರ ಕೈಯಿಂದ.

ತಟ್ಟೆ ಎಸೆದದ್ದೂ ಅದೇ ಕೈ. ಎರಡರಲ್ಲಿ ಯಾವುದನ್ನೂ ನಾನು ಮರೆತಿಲ್ಲ. ಒಂದನ್ನು ನೆನೆದು ಇನ್ನೊಂದನ್ನು ಅಳಿಸಿಬಿಡಬೇಕು ಎಂದು ಜನ ಹೇಳುತ್ತಾರೆ. ಅಳಿಸಲಾಗುವುದಿಲ್ಲ. ಎರಡೂ ಇಟ್ಟುಕೊಂಡಿದ್ದೇನೆ.

ಐಸಿಯುನಲ್ಲಿ ಹಗಲು ರಾತ್ರಿಯ ಗುರುತಿರಲಿಲ್ಲ. ಕಣ್ಣು ಮುಚ್ಚಿರುವವರಿಗೆ ಕಿವಿಯೂ ಇಲ್ಲ ಎಂದು ಅಲ್ಲಿ ಹಲವರು ತಿಳಿದಿದ್ದರು. ನನ್ನ ತಲೆಯ ಹತ್ತಿರ ನಿಂತೇ, “ಪೇಷಂಟ್ ಭಾಳ ವೀಕ್ ಇದ್ದಾರ, ಹೇಳ್ಲಿಕ್ಕಾಗಲ್ಲ,” ಎಂದು ಯಾರೋ ಯಾರಿಗೋ ಹೇಳಿದರು. ಒಬ್ಬ ನರ್ಸ್ ಮಾತ್ರ ನಾನು ಒಳಗಿದ್ದೇನೆ ಎಂದು ಕಂಡುಹಿಡಿದರು. ಇಂಜೆಕ್ಷನ್ ಚುಚ್ಚುವ ಮುಂಚೆ ಚುಚ್ಚುತ್ತೇನೆ ಎಂದು ಹೇಳುತ್ತಿದ್ದರು. ಅವ್ವನನ್ನು ಒಳಗೆ ಬಿಟ್ಟಾಗ ಅವರೇ ತಮ್ಮ ಎರಡು ಹೆಬ್ಬೆರಳಿನಿಂದ ನನ್ನ ರೆಪ್ಪೆಗಳನ್ನು ಮೇಲೆತ್ತಿ ಹಿಡಿದರು.

“ನೋಡಮ್ಮಾ, ನಿಮ್ಮ ತಾಯಿ ಬಂದಾರ.”

ಇಬ್ಬರು ಅವ್ವಂದಿರು ಕಂಡರು. ಒಬ್ಬಳ ಭುಜಕ್ಕೆ ಇನ್ನೊಬ್ಬಳು ಅಂಟಿಕೊಂಡು ನಿಂತಿದ್ದರು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ನ್ಯೂರಾಲಜಿಸ್ಟ್ ರಕ್ತದ ಪ್ಲಾಸ್ಮಾ ಬದಲಿಸಿದರು, ಸ್ಟಿರಾಯ್ಡ್ ಶುರು ಮಾಡಿದರು. ದಿನ ಕಳೆದಂತೆ ಬೆರಳು ಬಂತು, ರೆಪ್ಪೆ ಬಂತು, ಕೊನೆಗೆ ಉಸಿರು ನನ್ನದಾಯಿತು. ನಳಿಗೆ ತೆಗೆದ ಮೇಲೆ ಡಾಕ್ಟರು ನನಗೂ ಗಂಡನಿಗೂ ಕೂಡಿಸಿ ಹೇಳಿದರು. ದೇಹವೇ ತನ್ನ ನರ ಸ್ನಾಯುಗಳ ನಡುವಿನ ಕೊಂಡಿಯನ್ನು ಕಡಿಯುವ ರೋಗ ಇದು, ಪೂರ್ತಿ ಹೋಗುವುದಿಲ್ಲ, ಗುಳಿಗೆಯಿಂದ ಹಿಡಿತದಲ್ಲಿಡಬಹುದು ಎಂದರು. ಜ್ವರ ಬಂದರೆ ಹೆಚ್ಚುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳು ಈ ರೋಗದವರಿಗೆ ವಿಷ. ಚಿತ್ತಾಪುರದಲ್ಲಿ ಯಾವ ಇಂಜೆಕ್ಷನ್ ಹಾಕಿದ್ದರು ಎಂದು ಕೇಳಿದರು. ಗಂಡ ಚೀಟಿ ತೋರಿಸಿದರು. ಡಾಕ್ಟರು ಅದನ್ನು ನೋಡಿದರು. ಪೆನ್ನಿನಿಂದ ಆ ಹೆಸರಿನ ಸುತ್ತ ಒಂದು ಗೆರೆ ಎಳೆದರು.

ಮನೆಗೆ ಬಂದೆ. ಬದುಕಿ ಬಂದದ್ದು ದೊಡ್ಡದು, ಅದನ್ನು ಚಿಕ್ಕದು ಮಾಡಲಾರೆ. ಆದರೆ ಬದುಕಿ ಬಂದವಳಿಗೆ ಸಿಗುವ ಮಾತುಗಳೂ ಇವೆ. ಸ್ಟಿರಾಯ್ಡಿನಿಂದ ಮುಖ ಊದಿ ದುಂಡಗಾಗಿದೆ. ನೋಡಲು ಬಂದವರು, “ಮೈ ತುಂಬಿಕೊಂಡೀರಿ ಟೀಚರ್, ವೀಕ್‌ನೆಸ್ ಹೋಯ್ತು ಬಿಡ್ರಿ,” ಅನ್ನುತ್ತಾರೆ. ಶಾಲೆಗೆ ಹೋಗಿ, ಬೆಳಗಿನ ಪೀರಿಯಡ್‌ಗಳನ್ನಾದರೂ ಕೊಡಿ ಎಂದು ಕೇಳಿದೆ. ಪೂರ್ತಿ ಗಟ್ಟಿಯಾದ ಮೇಲೆ ಬನ್ನಿ ಎಂದರು. ಪೂರ್ತಿ ಗಟ್ಟಿ ಎಂಬುದು ನನಗೆ ಇನ್ನಿಲ್ಲ ಎಂದು ಅವರಿಗೂ ಗೊತ್ತು. ಬಜಾರಿನಲ್ಲಿ ನಮ್ಮ ಹಳೆಯ ಡಾಕ್ಟರು ಎದುರಾದರು. ಸ್ಕೂಟರ್ ನಿಲ್ಲಿಸಿ, ನಕ್ಕು, “ಆರಾಮ ಆದ್ರೆಲ್ಲ? ನಾ ಹೇಳಿದ್ನೆಲ್ಲ, ವೀಕ್‌ನೆಸ್ ಅಂತ,” ಎಂದರು. ಉತ್ತರ ಕೊಡಬೇಕೆಂದು ಐಸಿಯುನಲ್ಲಿ ಎಷ್ಟೋ ಸಲ ಮಾತು ಜೋಡಿಸಿದ್ದೆ. ಅವರ ಹಿಂದಿನ ಸೀಟಿನಲ್ಲಿ ಶಾಲೆಯ ಚೀಲ ಹಿಡಿದು ಅವರ ಮೊಮ್ಮಗಳು ಕೂತಿದ್ದಳು. ನನ್ನನ್ನು ಕಂಡು, ಗುಡ್ ಮಾರ್ನಿಂಗ್ ಟೀಚರ್ ಎಂದಳು.

ಒಂದು ಮಧ್ಯಾಹ್ನ ಗಂಡನನ್ನು ಕೇಳಿದೆ, “ಆ ವಾರ ಯಾಕ ಕರಕೊಂಡು ಹೋಗಲಿಲ್ಲರಿ?”

ಅವರು ನನ್ನ ಗುಳಿಗೆ ಡಬ್ಬಿಗೆ ಮುಂದಿನ ದಿನದ ಗುಳಿಗೆ ತುಂಬುತ್ತಿದ್ದರು. ಆ ಕೆಲಸ ಅವರೇ ಮಾಡುತ್ತಾರೆ, ಒಂದು ದಿನವೂ ತಪ್ಪಿಸಿಲ್ಲ. ತಲೆ ಎತ್ತಲಿಲ್ಲ.

“ನನಗೇನು ಗೊತ್ತಿತ್ತು? ಎಲ್ಲರೂ ವೀಕ್‌ನೆಸ್ ಅಂದ್ರು.”

“ನಾ ಅಂದಿರಲಿಲ್ಲ.”

ಡಬ್ಬಿಯ ಮುಚ್ಚಳ ಹಾಕಿ ನನ್ನ ಹತ್ತಿರ ಇಟ್ಟು ಹೊರಗೆ ಹೋದರು. ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬಂದಿಲ್ಲ. ಬರುತ್ತದೆ ಎಂದು ಈಗ ಕಾಯುವುದೂ ಇಲ್ಲ. ಕಾಯುವುದಕ್ಕೂ ಶಕ್ತಿ ಬೇಕು. ನನ್ನ ಶಕ್ತಿಗೆ ಬೆಳಗಿನ ಕೆಲವು ಗಂಟೆ ಮಾತ್ರ, ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ನಾನೇ ನಿರ್ಧರಿಸುತ್ತೇನೆ. ಬೆಳಗ್ಗೆ ಮನೆಯ ಪಡಸಾಲೆಯಲ್ಲಿ ಹತ್ತಾರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಧ್ಯಾಹ್ನ ಮಲಗುತ್ತೇನೆ. ಅತ್ತೆ ಆ ಹೊತ್ತಿಗೆ ಮಿಕ್ಸಿ ಹಾಕುವುದನ್ನು ಬಿಟ್ಟಿದ್ದಾರೆ.

ಹೋದ ತಿಂಗಳು ಕಲಬುರಗಿಗೆ ಚೆಕಪ್‌ಗೆ ಹೋಗಿದ್ದೆ. ಓಪಿಡಿಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಚಿಂಚೋಳಿ ಕಡೆಯ ಐನಾಪುರದವಳು, ಹೆಸರು ಶಿವಮ್ಮ. ನನಗಿಂತ ಚಿಕ್ಕವಳು. ಒಂದು ಕಣ್ಣು ಮುಚ್ಚಿತ್ತು. ಮಾತು ಮೂಗಿನಿಂದ ಬರುತ್ತಿತ್ತು. ಅವಳ ಗಂಡ ಗೋಡೆಗೆ ಒರಗಿ ನಿಂತಿದ್ದ. ಬೇಸತ್ತ ಮುಖ. ನಾನು ಕೇಳದಿದ್ದರೂ ಹೇಳಿದ, “ಹೊಲಕ್ಕ ಬಾ ಅಂದ್ರ ಕೈ ಎತ್ತಲ್ಲರಿ ಇಕಿ. ತೊಗರಿ ಕೊಯ್ಯೋ ಟೈಮಿನ್ಯಾಗ ಮಲಗ್ತಾಳ. ಎಲ್ಲಾ ಡಾಕ್ಟರ್‌ಗಿ ತೋರಿಸಿದೆವು. ಏನೂ ಇಲ್ಲ ಅಂದ್ರು. ಇಲ್ಲಿ ನೋಡಿದ್ರ ಏನೋ ಉದ್ದ ಹೆಸರು ಹೇಳ್ಯಾರ.”

ಹೆಸರು ಯಾವುದು ಎಂದೆ. ಅವನು ಕಾಗದ ತೋರಿಸಿದ. ನನ್ನ ರೋಗದ್ದೇ ಹೆಸರು.

“ನನಗೂ ಇದೇ ಅದ,” ಎಂದೆ.

ಅವಳು ತಿರುಗಿದಳು. ಮುಚ್ಚಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ನನ್ನನ್ನು ನೋಡಿದಳು. ಏನಾದರೂ ಧೈರ್ಯ ಕೇಳುತ್ತಾಳೆ ಎಂದುಕೊಂಡೆ. ಗುಣವಾಗುತ್ತದೆಯೇ, ಎಷ್ಟು ದಿನ, ಸಾಯುತ್ತೇನೆಯೇ ಎಂದು ಕೇಳಬಹುದಾಗಿತ್ತು. ಅದಾವುದನ್ನೂ ಕೇಳಲಿಲ್ಲ. ಒಂದೊಂದೇ ಪದ ಮೂಗಿನಿಂದ ಹೊರಗೆ ತಂದಳು.

“ಹಂಗಾರ ನನಗ ಖರೇನೇ ರೋಗ ಅದ ಅಂತೀರಿ?”

“ಖರೇನೇ ಅದ,” ಎಂದೆ. ಅವಳ ಗಂಡನಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಬೆಳಗಿನ ಹೊತ್ತು. ನನ್ನ ದನಿ ಗಟ್ಟಿಯಾಗಿತ್ತು.

ಅವಳು ರೆಪ್ಪೆಯಿಂದ ಬೆರಳು ತೆಗೆದಳು. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ ಕೂತಳು. ಅವಳ ಗಂಡ ಗೋಡೆ ಬಿಟ್ಟು ನೀರು ತರಲು ಹೋದ.